ಪೊಲೀಸರ ಮೇಲಿನ ದೂರನ್ನು ಪೊಲೀಸರಲ್ಲದವರು ನೋಡಿದರೆ ಏನು ಬದಲಾಗುತ್ತದೆ?

ಪ್ರಶ್ನೆ: ಕಳ್ಳತನದ ಕೇಸೊಂದರಲ್ಲಿ ವಿಚಾರಿಸಬೇಕೆಂದು ನನ್ನ ತಮ್ಮನನ್ನು ಠಾಣೆಗೆ ಕರೆದುಕೊಂಡು ಹೋದರು. ರಾತ್ರಿಯಿಡೀ ಇಟ್ಟುಕೊಂಡು ಹೊಡೆದು, ಬೆಳಿಗ್ಗೆ ಬಿಟ್ಟು ಕಳಿಸಿದರು. ಎಫ್‌ಐಆರ್‌ನಲ್ಲಿ ಅವನ ಹೆಸರಿಲ್ಲ, ಬಂಧಿಸಿದ್ದಕ್ಕೆ ದಾಖಲೆಯೂ ಇಲ್ಲ. ಎಸ್ಪಿಗೆ ದೂರು ಕೊಟ್ಟೆವು. ಅದು ಡಿವೈಎಸ್ಪಿಗೆ ಹೋಯಿತು, ಅಲ್ಲಿಂದ ಅದೇ ಇನ್ಸ್‌ಪೆಕ್ಟರ್ ಮೇಜಿಗೆ ಬಂತು. ಕೊನೆಗೆ ‘ಆರೋಪದಲ್ಲಿ ಹುರುಳಿಲ್ಲ’ ಎಂದು ಹಿಂಬರಹ ಕೊಟ್ಟರು. ಪೊಲೀಸ್ ದೂರು ಪ್ರಾಧಿಕಾರ ಎಂಬ ಪ್ರತ್ಯೇಕ ಸಂಸ್ಥೆ ಇದೆಯಂತೆ. ಆದರೆ ಅದಕ್ಕೆ ಶಿಕ್ಷಿಸುವ ಅಧಿಕಾರವಿಲ್ಲ, ಬರೀ ಶಿಫಾರಸು ಮಾಡುತ್ತದೆ ಎನ್ನುತ್ತಾರೆ. ಹಲ್ಲಿಲ್ಲದ ಹಾವಿನ ಹತ್ತಿರ ಹೋಗಿ ಏನು ಪ್ರಯೋಜನ?

ಉತ್ತರ: ಶಿಕ್ಷಿಸುವ ಅಧಿಕಾರ ಇಲ್ಲ ಎಂಬುದು ನಿಜ. ಅದನ್ನೇ ದೊಡ್ಡ ಕೊರತೆ ಎಂದುಕೊಂಡು ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಹೊರದೇಶಗಳಲ್ಲಿ ಒಳ್ಳೆಯ ಹೆಸರು ಪಡೆದಿರುವ ಇಂಥ ಸಂಸ್ಥೆಗಳಲ್ಲೂ ಹೆಚ್ಚಿನವು ಯಾರನ್ನೂ ನೇರವಾಗಿ ಕೆಲಸದಿಂದ ತೆಗೆಯುವುದಿಲ್ಲ, ಜೈಲಿಗೆ ಕಳಿಸುವುದಂತೂ ಇಲ್ಲ. ಅವು ಮಾಡುವುದು ಬೇರೆಯದೇ ಕೆಲಸ. ಠಾಣೆಯ ನಾಲ್ಕು ಗೋಡೆಯೊಳಗೆ ಏನಾಯಿತು ಎಂಬುದನ್ನು, ಆ ಠಾಣೆಗೆ ಯಾವ ಹಂಗೂ ಇಲ್ಲದವರು, ಸಾಕ್ಷ್ಯ ಕರಗಿಹೋಗುವ ಮೊದಲೇ ಬರೆದಿಡುವುದು. ನಮ್ಮ ಪ್ರಾಧಿಕಾರಗಳು ಸೋಲುವುದೂ ಬಹುತೇಕ ಇಲ್ಲಿಯೇ. ಶಿಕ್ಷೆಯ ಹಂತ ಬರುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲು ನಿಮ್ಮ ದೂರಿಗೆ ಏನಾಯಿತು ನೋಡೋಣ. ಎಸ್ಪಿ ಕಚೇರಿಯಲ್ಲಿ ಅರ್ಜಿಗೆ ನಂಬರ್ ಬೀಳುತ್ತದೆ. ಅದರ ಮೇಲೆ ‘ವಿಚಾರಿಸಿ ವರದಿ ಸಲ್ಲಿಸುವುದು’ ಎಂಬ ಷರಾ ಬಿದ್ದು ಅದು ಉಪವಿಭಾಗಕ್ಕೆ ಇಳಿಯುತ್ತದೆ. ಡಿವೈಎಸ್ಪಿ ಅದೇ ಷರಾ ಹಾಕಿ ಠಾಣೆಗೆ ಇಳಿಸುತ್ತಾರೆ. ಠಾಣೆಯಿಂದ ಅರ್ಧ ಪುಟದ ವರದಿ ಮೇಲೇರುತ್ತದೆ. ‘ಸದರಿ ವ್ಯಕ್ತಿಯನ್ನು ವಿಚಾರಣೆಗೆ ಕರೆಸಿ, ವಿಚಾರಣೆಯ ನಂತರ ಕಳುಹಿಸಿಕೊಡಲಾಗಿರುತ್ತದೆ. ಹಲ್ಲೆ ಮಾಡಿರುವುದಿಲ್ಲ. ಅರ್ಜಿದಾರರು ದುರುದ್ದೇಶದಿಂದ ದೂರು ನೀಡಿರುತ್ತಾರೆ’ ಎಂಬ ಧಾಟಿಯ ವರದಿಗಳನ್ನು ಈ ಕ್ಷೇತ್ರದಲ್ಲಿರುವ ಯಾವ ವಕೀಲರಾದರೂ ಕಣ್ಣುಮುಚ್ಚಿ ಹೇಳಬಲ್ಲರು. ವರದಿ ಬಂದ ದಾರಿಯಲ್ಲೇ ಹಿಂಬರಹವಾಗಿ ನಿಮ್ಮ ಮನೆಗೆ ಬರುತ್ತದೆ. ಈ ಇಡೀ ಓಡಾಟದಲ್ಲಿ ನಿಮ್ಮ ತಮ್ಮನ ಬೆನ್ನನ್ನು ಯಾರೂ ನೋಡಿಲ್ಲ. ಆ ರಾತ್ರಿ ಠಾಣೆಯಲ್ಲಿ ಸೆಂಟ್ರಿ ಡ್ಯೂಟಿಯಲ್ಲಿದ್ದ ಕಾನ್‌ಸ್ಟೆಬಲ್‌ನ ಹೇಳಿಕೆಯನ್ನೂ ಯಾರೂ ಬರೆದುಕೊಂಡಿಲ್ಲ.

ಇದಕ್ಕೆ ಡಿವೈಎಸ್ಪಿ ಕೆಟ್ಟವರೇ ಆಗಿರಬೇಕಿಲ್ಲ. ನಾಳೆಯ ಜಾತ್ರೆಯ ಬಂದೋಬಸ್ತ್‌ಗೆ, ನಾಡಿದ್ದಿನ ಮಂತ್ರಿಗಳ ಪ್ರವಾಸಕ್ಕೆ ಅವರಿಗೆ ಇದೇ ಇನ್ಸ್‌ಪೆಕ್ಟರ್ ಬೇಕು. ಕಳ್ಳತನದ ಕೇಸು ಪತ್ತೆಯಾಗಲಿಲ್ಲ ಎಂದು ಮೇಲಿನವರು ಬೈಯುವುದು ಇಬ್ಬರನ್ನೂ. ‘ಹೇಗಾದರೂ ಮಾಡಿ ಕೇಸ್ ಡಿಟೆಕ್ಟ್ ಮಾಡಿ’ ಎಂಬ ಮಾತು ಡಿವೈಎಸ್ಪಿ ಬಾಯಿಂದಲೇ ಬಂದಿರಲೂಬಹುದು. ಹಾಗಿರುವಾಗ ಅವರು ನಡೆಸುವ ವಿಚಾರಣೆ ಅರ್ಧ ತಮ್ಮ ಮೇಲೆಯೇ ನಡೆಸಿಕೊಂಡ ವಿಚಾರಣೆಯಾಗುತ್ತದೆ.

ಇನ್ನು ಸಾಕ್ಷ್ಯದ ವಿಷಯ. ಬೇರೆ ಯಾವುದೇ ಅಪರಾಧ ನಡೆದಾಗ ಆರೋಪಿಯೊಬ್ಬ, ತನಿಖೆ ಮಾಡುವವನೊಬ್ಬ. ಲಾಕಪ್ಪಿನಲ್ಲಿ ನಡೆದ ಹಲ್ಲೆಯಲ್ಲಿ ಸ್ಥಳ, ಠಾಣೆಯ ದಿನದ ಆಗುಹೋಗು ಬರೆದಿಡುವ ಸ್ಟೇಷನ್ ಡೈರಿ, ಕ್ಯಾಮೆರಾ, ಲಾಠಿ, ಸಾಕ್ಷಿಗಳು ಎಲ್ಲವೂ ಆರೋಪಿಯ ವಶದಲ್ಲೇ ಇರುತ್ತವೆ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟಿದ್ದರು ಎಂಬ ಆರೋಪದ ಮೇಲೆ ತಂದೆ-ಮಗನನ್ನು ಜೂನ್ 19ರಂದು ಹಿಡಿದುಕೊಂಡು ಹೋದರು. 22ರಂದು ಮಗ ತೀರಿಕೊಂಡ, 23ರಂದು ತಂದೆ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು ಮ್ಯಾಜಿಸ್ಟ್ರೇಟರೊಬ್ಬರನ್ನು ನೇರವಾಗಿ ಠಾಣೆಗೆ ಕಳಿಸಿತು. ಪೊಲೀಸರು ಸಹಕರಿಸಲಿಲ್ಲ, ಅವಮಾನಿಸಿದರು ಎಂದು ಮ್ಯಾಜಿಸ್ಟ್ರೇಟರೇ ವರದಿ ಬರೆದರು. ಸಿಸಿಟಿವಿಯ ಹಾರ್ಡ್‌ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ದೃಶ್ಯಗಳು ದಿನದಿನವೂ ತಾವಾಗಿ ಅಳಿಸಿಹೋಗುವಂತೆ ಸೆಟ್ ಮಾಡಲಾಗಿತ್ತು. ರಾತ್ರಿಯಿಡೀ ಹೊಡೆದರು, ಮೇಜಿನ ಮೇಲೂ ಲಾಠಿಗಳ ಮೇಲೂ ರಕ್ತದ ಕಲೆ ಇತ್ತು ಎಂದು ಹೇಳಿದವರು ಅಲ್ಲಿನ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಹೆದರಿಕೊಂಡೇ ಹೇಳಿದರು. ಕೊನೆಗೆ ಹೈಕೋರ್ಟು ಸಾಕ್ಷ್ಯ ಉಳಿಸುವುದಕ್ಕಾಗಿ ಆ ಠಾಣೆಯನ್ನೇ ಕಂದಾಯ ಇಲಾಖೆಯ ವಶಕ್ಕೆ ಕೊಡಬೇಕಾಯಿತು.

ಆ ಹೆಡ್ ಕಾನ್‌ಸ್ಟೆಬಲ್ ಮಾತಾಡಿದ್ದು ಎದುರಿಗೆ ಕೂತವರು ತಮ್ಮ ಇಲಾಖೆಯವರಲ್ಲ ಎಂಬ ಕಾರಣಕ್ಕೆ. ಅದೇ ಉಪವಿಭಾಗದ ಡಿವೈಎಸ್ಪಿ ಬಂದು ಕೇಳಿದ್ದರೆ ಬಾಯಿ ಬಿಡುತ್ತಿದ್ದರೇ? ಹೊರಗಿನ ಸಂಸ್ಥೆಯ ಕೆಲಸ ಏನು ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಆದರೆ ಅಲ್ಲಿ ಹೈಕೋರ್ಟು ಮಧ್ಯೆ ಬಂದದ್ದು ಎರಡು ಸಾವಾದ ಮೇಲೆ, ಊರಿಗೆ ಊರೇ ಎದ್ದು ನಿಂತ ಮೇಲೆ. ಪ್ರತಿ ರಾತ್ರಿಯ ಪ್ರತಿ ಏಟಿಗೂ ಹೈಕೋರ್ಟು ಓಡಿಬರಲಾಗದು. ಆ ಕೆಲಸಕ್ಕೆಂದೇ ಒಂದು ಕಾಯಂ ವ್ಯವಸ್ಥೆ ಬೇಕು.

ಬೇರೆ ದೇಶಗಳು ಇದೇ ಪಾಠವನ್ನು ಪೆಟ್ಟು ತಿಂದೇ ಕಲಿತಿವೆ. 2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ರೈಲು ನಿಲ್ದಾಣದಲ್ಲಿ ಬ್ರೆಜಿಲ್ ಮೂಲದ ಎಲೆಕ್ಟ್ರಿಷಿಯನ್ ಒಬ್ಬರನ್ನು ಆತ್ಮಾಹುತಿ ಬಾಂಬರ್ ಎಂದು ತಪ್ಪು ತಿಳಿದು ಪೊಲೀಸರು ಗುಂಡಿಟ್ಟು ಕೊಂದರು. ಇಂಥ ಸಾವುಗಳನ್ನು ತನಿಖೆ ಮಾಡುವುದಕ್ಕೆಂದೇ ಅಲ್ಲಿ 2004ರಿಂದ ಸ್ವತಂತ್ರ ಆಯೋಗವೊಂದು ಕೆಲಸ ಮಾಡುತ್ತಿತ್ತು. ಆದರೂ ಅಂದಿನ ಪೊಲೀಸ್ ಆಯುಕ್ತರು ಅದೇ ದಿನ ಗೃಹ ಇಲಾಖೆಗೆ ಪತ್ರ ಬರೆದು, ಭಯೋತ್ಪಾದನೆಯ ತನಿಖೆ ನಡೆಯುತ್ತಿದೆ, ಆಯೋಗಕ್ಕೆ ಸದ್ಯ ಪ್ರವೇಶ ಬೇಡ ಎಂದರು. ಆಯೋಗ ಕೆಲವು ದಿನ ಹೊರಗೇ ನಿಂತಿತು. ಅಷ್ಟರಲ್ಲಿ ಸತ್ತವನು ದಪ್ಪ ಜಾಕೆಟ್ ತೊಟ್ಟಿದ್ದ, ಟಿಕೆಟ್ ಗೇಟು ಹಾರಿ ಓಡಿದ ಎಂಬ ಕತೆಗಳು ಪತ್ರಿಕೆಗಳಲ್ಲಿ ಹರಿದಾಡಿದವು. ಎರಡೂ ಸುಳ್ಳೆಂದು ಆಮೇಲೆ ಗೊತ್ತಾಯಿತು. ಕಾನೂನಿನಲ್ಲಿ ಅಧಿಕಾರ ಇದ್ದೂ ಮೊದಲ ದಿನವೇ ಬಾಗಿಲಲ್ಲಿ ನಿಲ್ಲಿಸಿದರೆ ಸ್ವತಂತ್ರ ಸಂಸ್ಥೆಯ ಗತಿ ಇದು. 2007ರಲ್ಲಿ ಲಂಡನ್ ಪೊಲೀಸ್ ಪಡೆ ಸಾರ್ವಜನಿಕ ಸುರಕ್ಷೆಯ ಕಾನೂನು ಮುರಿದದ್ದು ಸಾಬೀತಾಗಿ ದಂಡ ತೆತ್ತಿತು. ಯಾವೊಬ್ಬ ಅಧಿಕಾರಿಗೂ ವೈಯಕ್ತಿಕವಾಗಿ ಶಿಕ್ಷೆಯಾಗಲಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದವರು ಇನ್ನೂ ಸೂಕ್ಷ್ಮಕ್ಕೆ ಇಳಿದಿದ್ದಾರೆ. 1990ರಲ್ಲಿ ಶುರುವಾದ ಅಲ್ಲಿನ ವಿಶೇಷ ತನಿಖಾ ಘಟಕಕ್ಕೆ ನಿರ್ದೇಶಕರಾಗುವವರು ಎಂದೂ ಪೊಲೀಸ್ ಕೆಲಸ ಮಾಡಿರಬಾರದು. ಪೊಲೀಸರ ಕೈಯಲ್ಲಿ ಸಾವು ಅಥವಾ ಗಂಭೀರ ಗಾಯವಾದರೆ ಕೂಡಲೇ ಘಟಕಕ್ಕೆ ತಿಳಿಸಬೇಕು. ಭಾಗಿಯಾದ ಅಧಿಕಾರಿಗಳನ್ನು ಪರಸ್ಪರ ಮಾತಾಡದಂತೆ ಬೇರೆ ಬೇರೆ ಇಡಬೇಕು. ಅಲ್ಲಿ ಒಂದು ವಿಚಿತ್ರ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗುಂಡು ಹಾರಿಸಿದ ಅಧಿಕಾರಿ ತನ್ನ ನೋಟ್‌ಬುಕ್ಕಿನಲ್ಲಿ ಘಟನೆಯನ್ನು ಬರೆಯುವ ಮೊದಲು ವಕೀಲರನ್ನು ಕೇಳಬಹುದೇ? ಕೇಳಿದ್ದಾರೆ, ವಕೀಲರು ಸದ್ಯ ಬರೆಯಬೇಡಿ ಎಂದಿದ್ದಾರೆ, ನೋಟು ತಡವಾಗಿ ಬಂದಿದೆ. 2013ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಹಾಗೆ ಕೇಳಿಕೊಂಡು ಬರೆಯುವ ಹಕ್ಕಿಲ್ಲ ಎಂದು ತೀರ್ಪು ಕೊಟ್ಟಿತು. ಒಂದು ನೋಟ್‌ಬುಕ್ಕಿನ ಪುಟಕ್ಕಾಗಿ ಇಷ್ಟೆಲ್ಲ ಏಕೆ ಎನ್ನಿಸಬಹುದು. ನಮ್ಮ ಸ್ಟೇಷನ್ ಡೈರಿಯನ್ನು ಮರುದಿನ ಬೆಳಿಗ್ಗೆ ಕೂತು ‘ಸರಿಯಾಗಿ’ ಬರೆಯುವುದನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು.

ದಕ್ಷಿಣ ಆಫ್ರಿಕಾದ್ದು ಇನ್ನೊಂದು ಬಗೆ. 2012ರಿಂದ ಕೆಲಸ ಮಾಡುತ್ತಿರುವ ಅಲ್ಲಿನ ಸ್ವತಂತ್ರ ತನಿಖಾ ನಿರ್ದೇಶನಾಲಯಕ್ಕೆ, ಪೊಲೀಸ್ ವಶದಲ್ಲಿ ಸಾವು, ಅತ್ಯಾಚಾರ, ಚಿತ್ರಹಿಂಸೆಯಂಥ ಯಾವುದೇ ಪ್ರಕರಣವನ್ನು ಪೊಲೀಸರೇ ತಕ್ಷಣ ತಿಳಿಸಬೇಕು; 24 ಗಂಟೆಯೊಳಗೆ ಲಿಖಿತ ವರದಿಯೂ ಹೋಗಬೇಕು. ತಿಳಿಸದಿರುವುದೇ ಅಪರಾಧ. ಶಿಸ್ತುಕ್ರಮದ ಶಿಫಾರಸು ಬಂದ 30 ದಿನದೊಳಗೆ ಪೊಲೀಸ್ ಮುಖ್ಯಸ್ಥರು ವಿಚಾರಣೆ ಶುರು ಮಾಡಲೇಬೇಕು. ಶಿಫಾರಸಿಗೆ ಹಲ್ಲು ಬರುವುದು ಹೀಗೆ. ಸಂಸ್ಥೆಯೇ ಶಿಕ್ಷೆ ಕೊಡದಿದ್ದರೂ, ಬಂದ ಕಾಗದದ ಮೇಲೆ ಕೂತುಬಿಡುವ ಸ್ವಾತಂತ್ರ್ಯ ಇಲಾಖೆಗೆ ಉಳಿಯುವುದಿಲ್ಲ. ಅದೇ ದೇಶದಲ್ಲಿ 2015ರಲ್ಲಿ ಪೊಲೀಸ್ ಖಾತೆಯ ಸಚಿವರು ಈ ನಿರ್ದೇಶನಾಲಯದ ಮುಖ್ಯಸ್ಥರನ್ನೇ ಅಮಾನತು ಮಾಡಿದರು. ಸಂವಿಧಾನ ನ್ಯಾಯಾಲಯ 2016ರಲ್ಲಿ ಆ ಅಧಿಕಾರವನ್ನು ರದ್ದುಪಡಿಸಿತು. ಯಾರನ್ನು ಪ್ರಶ್ನಿಸಬೇಕೋ ಅವರ ಸಚಿವರೇ ಸಂಸ್ಥೆಯ ಮುಖ್ಯಸ್ಥರನ್ನು ಮನೆಗೆ ಕಳಿಸುವಂತಿದ್ದರೆ ಸ್ವಾತಂತ್ರ್ಯ ಎಲ್ಲಿಯದು?

ಉತ್ತರ ಐರ್ಲೆಂಡಿನಲ್ಲಿ ಪೊಲೀಸರ ಮೇಲಿನ ದೂರು ನೋಡುವ ಸ್ವತಂತ್ರ ಅಧಿಕಾರಿಯಾದ ಪೊಲೀಸ್ ಒಂಬುಡ್ಸ್‌ಮನ್ ಕಚೇರಿಯನ್ನೂ ಹೇಳಬೇಕು. 2000ನೇ ಇಸವಿಯ ನವೆಂಬರ್‌ನಲ್ಲಿ ಬಾಗಿಲು ತೆರೆದ ಈ ಕಚೇರಿಗೆ ತನ್ನದೇ ತನಿಖಾಧಿಕಾರಿಗಳಿದ್ದಾರೆ. ಒಮಾ ಪಟ್ಟಣದಲ್ಲಿ 1998ರಲ್ಲಿ 29 ಜನರನ್ನು ಬಲಿ ಪಡೆದ ಬಾಂಬ್ ಸ್ಫೋಟದ ಬಗ್ಗೆ, ಪೊಲೀಸರ ಕೈಗೆ ಮೊದಲೇ ಬಂದಿದ್ದ ಮಾಹಿತಿಯನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ ಎಂದು 2001ರಲ್ಲೇ ವರದಿ ಕೊಟ್ಟರು ಮೊದಲ ಒಂಬುಡ್ಸ್‌ಮನ್ ನುವಾಲಾ ಓ’ಲೋನ್. ಪೊಲೀಸ್ ಮುಖ್ಯಸ್ಥರು ಕೆಂಡಾಮಂಡಲವಾದರು. ಕಚೇರಿ ಉಳಿಯಿತು, ವರದಿಯೂ ಸಾರ್ವಜನಿಕರ ಕೈಯಲ್ಲಿ ಉಳಿಯಿತು.

ನಮ್ಮ ದೇಶಕ್ಕೆ ಬರೋಣ. ಉತ್ತರ ಪ್ರದೇಶ ಮತ್ತು ಅಸ್ಸಾಂನಲ್ಲಿ ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹಾಕಿದ ಅರ್ಜಿಗೆ ಸುಪ್ರೀಂ ಕೋರ್ಟು ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು ತೀರ್ಪು ಕೊಟ್ಟಿತು. ಪೊಲೀಸ್ ಸುಧಾರಣೆಯ ಏಳು ನಿರ್ದೇಶನಗಳಲ್ಲಿ ಒಂದು ಈ ದೂರು ಪ್ರಾಧಿಕಾರ. ಅಲ್ಲಿ ಹೇಳಿದ್ದು ಸ್ಪಷ್ಟವಾಗಿತ್ತು. ಡಿವೈಎಸ್ಪಿ ದರ್ಜೆಯವರೆಗಿನವರ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ, ಎಸ್ಪಿ ಮತ್ತು ಮೇಲಿನವರಿಗೆ ರಾಜ್ಯ ಪ್ರಾಧಿಕಾರ. ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರು, ರಾಜ್ಯದಲ್ಲಿ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಮುಖ್ಯಸ್ಥರು. ಹೆಸರುಗಳು ಬರಬೇಕಾದ್ದು ನ್ಯಾಯಾಂಗ ಕೊಟ್ಟ ಪಟ್ಟಿಯಿಂದ. ಸದಸ್ಯರದ್ದು ಪೂರ್ಣಾವಧಿಯ ಕೆಲಸ. ಕ್ಷೇತ್ರದಲ್ಲಿ ತನಿಖೆಗೆ ಸಿಐಡಿ, ಗುಪ್ತದಳ, ಜಾಗೃತದಳಗಳಿಂದ ನಿವೃತ್ತರಾದವರನ್ನು ಬಳಸಿಕೊಳ್ಳಬಹುದು. ಇಲಾಖಾ ವಿಚಾರಣೆಯಾಗಲಿ ಕ್ರಿಮಿನಲ್ ಕೇಸಾಗಲಿ, ಪ್ರಾಧಿಕಾರ ಏನು ಹೇಳುತ್ತದೋ ಅದಕ್ಕೆ ಸಂಬಂಧಪಟ್ಟವರು ಬದ್ಧರು. ‘ಬರೀ ಶಿಫಾರಸು’ ಎಂದು ನಿಮಗೆ ಹೇಳಿದವರಿಗೆ ಈ ಕೊನೆಯ ಮಾತನ್ನು ತೋರಿಸಿ.

ಆಮೇಲೆ ಆದದ್ದು ನಮ್ಮಲ್ಲಿ ಎಂದಿನಂತೆ ಆಗುವುದೇ. ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿದವು, ಮಾಡುವಾಗ ಕೋರ್ಟು ಹೇಳಿದ್ದನ್ನು ಹಿಂಡಿ ತೆಳುಮಾಡಿದವು. ಕೆಲವು ರಾಜ್ಯಗಳು ಪ್ರಾಧಿಕಾರದ ಮಾತನ್ನು ಸಲಹೆಯ ಮಟ್ಟಕ್ಕೆ ಇಳಿಸಿದವು. ಕೆಲವು, ಸೇವೆಯಲ್ಲಿರುವ ಅಧಿಕಾರಿಗಳನ್ನೇ ಸದಸ್ಯರಾಗಿ ಕೂರಿಸಿದವು. ಕೇರಳದ 2011ರ ಪೊಲೀಸ್ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರದ ಮುಖ್ಯಸ್ಥರು ನಿವೃತ್ತ ಜಿಲ್ಲಾ ನ್ಯಾಯಾಧೀಶರೇ. ಆದರೆ ಪಕ್ಕದ ಕುರ್ಚಿಗಳಲ್ಲಿ ಕೂರುವವರು ಜಿಲ್ಲಾಧಿಕಾರಿ ಮತ್ತು ಅದೇ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು. ಕೇರಳವನ್ನೇ ಎತ್ತಿದ್ದು ಅಲ್ಲಿನ ವ್ಯವಸ್ಥೆ ಕಳಪೆ ಎಂದಲ್ಲ, ಅಲ್ಲಿ ಕನಿಷ್ಠ ಕೆಲಸವಾದರೂ ನಡೆಯುತ್ತದೆ. ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳನ್ನು ಸೇರಿಸಿಕೊಂಡಿತು. ತೀರ್ಪಿನ ಜಾರಿಯನ್ನು ನೋಡಲು ಸುಪ್ರೀಂ ಕೋರ್ಟೇ ನೇಮಿಸಿದ್ದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಸಮಿತಿ 2010ರಲ್ಲಿ ವರದಿ ಕೊಡುವಾಗ ರಾಜ್ಯಗಳ ಉದಾಸೀನಕ್ಕೆ ಬೇಸರಪಟ್ಟಿತ್ತು. ಇಂದಿಗೂ ಆ ಬೇಸರ ಹಳತಾಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನ್ಯಾಯಾಧೀಶರನ್ನು ಮುಖ್ಯಸ್ಥರನ್ನಾಗಿ ಮಾಡುವುದಕ್ಕೆ ಕೊಟ್ಟಷ್ಟು ಗಮನವನ್ನು ನಾವು ತನಿಖೆ ಮಾಡುವ ಕೈಗಳಿಗೆ ಕೊಡಲೇ ಇಲ್ಲ. ನಿವೃತ್ತ ನ್ಯಾಯಾಧೀಶರು ಎಷ್ಟೇ ಪ್ರಾಮಾಣಿಕರಾಗಿರಲಿ, ಅವರದು ಜೀವಮಾನವಿಡೀ ತಮ್ಮ ಮುಂದೆ ಬಂದ ಕಡತವನ್ನು ಓದಿ ತೀರ್ಮಾನಿಸಿದ ಅಭ್ಯಾಸ. ಆ ಕಡತವನ್ನು ತುಂಬಿಸಿ ತರುವವರು ಯಾರು? ಸ್ವಂತ ಸಿಬ್ಬಂದಿ ಇಲ್ಲದ ಪ್ರಾಧಿಕಾರ ಮತ್ತೆ ಅದೇ ಎಸ್ಪಿಗೆ ‘ವರದಿ ಸಲ್ಲಿಸುವುದು’ ಎಂದು ಬರೆಯುತ್ತದೆ. ಎಸ್ಪಿ ಡಿವೈಎಸ್ಪಿಗೆ ಬರೆಯುತ್ತಾರೆ. ಮುಂದಿನದು ನಿಮಗೆ ಗೊತ್ತೇ ಇದೆ. ಹಾಂಗ್‌ಕಾಂಗಿನಲ್ಲಿ ಆದದ್ದೂ ಇದೇ. ಅಲ್ಲಿ ದೂರುಗಳನ್ನು ತನಿಖೆ ಮಾಡುವುದು ಪೊಲೀಸರದೇ ಒಂದು ವಿಭಾಗ; ಸ್ವತಂತ್ರ ಮಂಡಳಿ ಅದರ ಮೇಲ್ವಿಚಾರಣೆ ಮಾತ್ರ ಮಾಡುತ್ತದೆ. 2019ರ ಪ್ರತಿಭಟನೆಗಳ ಪರಿಶೀಲನೆಗೆ ನೆರವಾಗಲು ಆಹ್ವಾನಿಸಿದ್ದ ವಿದೇಶಿ ತಜ್ಞರು, ಈ ಮಂಡಳಿಗೆ ಅಂಥ ಕೆಲಸಕ್ಕೆ ಬೇಕಾದ ತನಿಖಾ ಅಧಿಕಾರವೇ ಇಲ್ಲ ಎಂದು ಹೇಳಿ ಡಿಸೆಂಬರ್‌ನಲ್ಲಿ ಹಿಂದೆ ಸರಿದರು.

ನಿವೃತ್ತ ಪೊಲೀಸರನ್ನೇ ತನಿಖೆಗೆ ಇಟ್ಟುಕೊಳ್ಳುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಪೂರ್ತಿ ಬೇಡ ಎನ್ನಲಾರೆ. ಸ್ಟೇಷನ್ ಡೈರಿಯಲ್ಲಿ ಎರಡು ನಮೂದುಗಳ ನಡುವೆ ಖಾಲಿ ಬಿಟ್ಟ ಸಾಲು ಏನು ಹೇಳುತ್ತದೆ, ಜನರಲ್ ಡ್ಯೂಟಿ ಪಟ್ಟಿಯಲ್ಲಿ ಯಾರ ಹೆಸರು ತಿದ್ದಿದೆ ಎಂಬುದು ಅಲ್ಲೇ ಬೆಳೆದವರಿಗೆ ಥಟ್ಟನೆ ಕಾಣುತ್ತದೆ. ತಾವು ಕೆಲಸ ಮಾಡಿದ ಘಟಕದ ಮೇಲಿನ ದೂರನ್ನು ಅವರು ಮುಟ್ಟಬಾರದು, ಅಷ್ಟೇ. ಒಂಟಾರಿಯೊದಲ್ಲಿ ತನಿಖಾಧಿಕಾರಿಗಳಿಗೆ ಈ ನಿಯಮವೇ ಇದೆ.

ಈಗ ಶಿಕ್ಷೆಯ ವಿಷಯಕ್ಕೆ ಬರುತ್ತೇನೆ. ಒಬ್ಬ ಪೊಲೀಸ್ ತಪ್ಪು ಮಾಡಿದರೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಕ್ರಿಮಿನಲ್ ಕೇಸು. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇನ್ನೊಂದು ಇಲಾಖಾ ವಿಚಾರಣೆ. ಅಲ್ಲಿ ‘ಹೀಗೇ ನಡೆದಿರುವ ಸಂಭವ ಹೆಚ್ಚು’ ಎಂದರೆ ಸಾಕು. 2009ರ ಏಪ್ರಿಲ್‌ನಲ್ಲಿ ಲಂಡನ್ನಿನ ಪ್ರತಿಭಟನೆಯೊಂದರ ನಡುವೆ ಮನೆಗೆ ನಡೆದುಹೋಗುತ್ತಿದ್ದ ಪತ್ರಿಕೆ ಮಾರುವವರೊಬ್ಬರನ್ನು ಪೊಲೀಸನೊಬ್ಬ ಲಾಠಿಯಲ್ಲಿ ಹೊಡೆದು ತಳ್ಳಿದ. ಅವರು ಸ್ವಲ್ಪ ಹೊತ್ತಿನಲ್ಲೇ ಕುಸಿದು ಸತ್ತರು. ಮೊದಲ ಮರಣೋತ್ತರ ಪರೀಕ್ಷೆ ಹೃದಯಾಘಾತ ಎಂದಿತು. ತಳ್ಳಿದ್ದರ ವಿಡಿಯೊ ಪತ್ರಿಕೆಯೊಂದರಲ್ಲಿ ಹೊರಬಿದ್ದ ಮೇಲೆಯೇ ಸ್ವತಂತ್ರ ಆಯೋಗ ತನಿಖೆಯನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ಎರಡನೇ ಪರೀಕ್ಷೆಯಲ್ಲಿ ಒಳಗಿನ ರಕ್ತಸ್ರಾವ ಕಂಡಿತು. 2012ರಲ್ಲಿ ಆ ಪೊಲೀಸ್ ನರಹತ್ಯೆಯ ಆರೋಪದಿಂದ ಖುಲಾಸೆಯಾದ. ಕೆಲವೇ ವಾರಗಳ ಮೇಲೆ ಇಲಾಖಾ ವಿಚಾರಣೆಯಲ್ಲಿ ಗಂಭೀರ ದುರ್ನಡತೆಗಾಗಿ ಕೆಲಸ ಕಳೆದುಕೊಂಡ. ‘ಕೋರ್ಟಿನಲ್ಲಿ ಖುಲಾಸೆಯಾಯಿತಲ್ಲ, ಇನ್ನೇನು?’ ಎಂದು ಇಲಾಖಾ ವಿಚಾರಣೆಯನ್ನೂ ಮುಚ್ಚಿಹಾಕುವುದು ನಮ್ಮಲ್ಲಿ ಎಷ್ಟು ಸಲೀಸು ಎಂಬುದನ್ನು ನೋಡಿದವರಿಗೆ ಈ ವ್ಯತ್ಯಾಸ ಮನದಟ್ಟಾಗುತ್ತದೆ. ಹೊರಗಿನ ಸಂಸ್ಥೆ ಎರಡೂ ದಾರಿಗೆ ಬೇಕಾದ ಸತ್ಯಾಂಶಗಳನ್ನು ಒಂದೇ ಸಲಕ್ಕೆ ಸಂಗ್ರಹಿಸಿಕೊಡಬಲ್ಲದು.

ನಮ್ಮಲ್ಲಿ ಕ್ರಿಮಿನಲ್ ದಾರಿಗೆ ಇನ್ನೊಂದು ಗೇಟು ಇದೆ: ಸರ್ಕಾರದ ಪೂರ್ವಾನುಮತಿ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅದನ್ನು ಕೇಳುತ್ತದೆ. 2020ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕರ್ತವ್ಯದ ಜೊತೆ ಸಂಬಂಧವಿರುವ ಕೃತ್ಯವಾಗಿದ್ದರೆ ಅಧಿಕಾರ ಮೀರಿ ನಡೆದುಕೊಂಡಿದ್ದರೂ ಅನುಮತಿ ಬೇಕು ಎಂದಿತು. ಕರ್ತವ್ಯಕ್ಕೂ ಕೃತ್ಯಕ್ಕೂ ಸಂಬಂಧವೇ ಇಲ್ಲದಿದ್ದರೆ ಬೇಡ. ಠಾಣೆಯಲ್ಲಿ ಹೊಡೆದದ್ದು ಇದರಲ್ಲಿ ಯಾವುದು ಎಂಬ ವಾದಕ್ಕೇ ವರ್ಷಗಳು ಹೋಗುತ್ತವೆ. ಪ್ರಾಧಿಕಾರದ ಕಾರಣಸಹಿತ ವರದಿಯೊಂದು ಕಡತದಲ್ಲಿದ್ದರೆ ಅನುಮತಿ ನಿರಾಕರಿಸುವವರು ಅದಕ್ಕೆ ಬರವಣಿಗೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಆ ಉತ್ತರವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಬಾಯಿಮಾತಿನ ‘ಆಗುವುದಿಲ್ಲ’ ಎಂಬುದನ್ನು ಪ್ರಶ್ನಿಸುವುದು ಎಲ್ಲಿ?

ಪೊಲೀಸರ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಇಂಥ ಸಂಸ್ಥೆ ಬಂದರೆ ಕೈಕಟ್ಟಿ ಹಾಕಿದಂತಾಗುತ್ತದೆ, ಪ್ರತಿ ರೌಡಿಯೂ ದೂರು ಕೊಡುತ್ತಾನೆ ಎಂಬ ಅಂಜಿಕೆ ಠಾಣೆಗಳಲ್ಲಿದೆ. ಸುಳ್ಳು ದೂರುಗಳು ಬರುವುದೂ ನಿಜ. ಕೇಸಿನಿಂದ ಬಚಾವಾಗಲು ತನಿಖಾಧಿಕಾರಿಯ ಮೇಲೆಯೇ ಗೂಬೆ ಕೂರಿಸುವುದು ಹಳೆಯ ಪಟ್ಟು. ಆದರೆ ಇಲಾಖೆಯೇ ಕೊಟ್ಟ ‘ತಪ್ಪಿಲ್ಲ’ ಎಂಬ ಪತ್ರವನ್ನು ಹೊರಗೆ ಯಾರೂ ನಂಬುವುದಿಲ್ಲ. ನಿರಪರಾಧಿಯಾದ ಪಿಎಸ್‌ಐ ಕೂಡ ಊರವರ ಬಾಯಲ್ಲಿ ‘ಒಳಗೊಳಗೇ ಮುಚ್ಚಿಹಾಕಿದರು’ ಎನ್ನಿಸಿಕೊಂಡೇ ಓಡಾಡುತ್ತಾನೆ. ಹೊರಗಿನವರು ಸಿಸಿಟಿವಿ ನೋಡಿ, ವೈದ್ಯರನ್ನು ಕೇಳಿ, ದೂರು ಸುಳ್ಳು ಎಂದರೆ ಅದಕ್ಕೊಂದು ತೂಕ ಬರುತ್ತದೆ.

ಇಲಾಖೆಯೇ ನಡೆಸುವ ವಿಚಾರಣೆಯಲ್ಲಿ ನನಗೆ ಹೆಚ್ಚು ಅನ್ಯಾಯ ಕಾಣುವುದು ಕೆಳಗಿನವರಿಗೆ. ಗಲಾಟೆ ಜೋರಾದರೆ ಸಂಜೆಯೊಳಗೆ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಅಮಾನತು ಮಾಡಿ ಪತ್ರಿಕಾ ಹೇಳಿಕೆ ಕೊಟ್ಟರೆ ಮುಗಿಯಿತು. ಹೊಡೆಯಲು ಹೇಳಿದವರು ಯಾರು, ಠಾಣಾಧಿಕಾರಿ ಆ ಹೊತ್ತಿನಲ್ಲಿ ಎಲ್ಲಿದ್ದರು, ಯಾರ ಫೋನು ಬಂದಿತ್ತು ಎಂಬ ಪ್ರಶ್ನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಅಮಾನತು ಶಿಕ್ಷೆಯೇ ಅಲ್ಲ. ಅರ್ಧ ಸಂಬಳದ ಹತ್ತಿರದ ಜೀವನಾಧಾರ ಭತ್ಯೆ ಕೊಟ್ಟು ವಿಚಾರಣೆ ಮುಗಿಯುವವರೆಗೆ ದೂರವಿಡುವುದು. ಆರು ತಿಂಗಳ ಮೇಲೆ ಪಕ್ಕದ ತಾಲೂಕಿನಲ್ಲಿ ಅದೇ ವ್ಯಕ್ತಿ ಮತ್ತೆ ಯೂನಿಫಾರಂ ತೊಟ್ಟಿರುತ್ತಾನೆ. ಆದೇಶ ಮೇಲಿನಿಂದ ಬಂದಿತ್ತು ಎಂದು ಹೇಳಲು ಆ ಕಾನ್‌ಸ್ಟೆಬಲ್‌ಗೆ ಆದೇಶ ಕೊಟ್ಟವರಲ್ಲದ ಬೇರೊಬ್ಬರು ಎದುರಿಗಿರಬೇಕು.

ನಿಮ್ಮ ತಮ್ಮನ ವಿಷಯದಲ್ಲಿ ಈಗ ಏನು ಮಾಡಬಹುದು ನೋಡೋಣ. ದೂರು ಇನ್ಸ್‌ಪೆಕ್ಟರ್ ಮೇಲೆ ಆಗಿರುವುದರಿಂದ ಹೋಗಬೇಕಾದ್ದು ಜಿಲ್ಲಾ ಪ್ರಾಧಿಕಾರಕ್ಕೆ. ವಶದಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರಗಳ ಜೊತೆಗೆ ಸುಲಿಗೆ, ಜಮೀನು-ಮನೆ ಕಬಳಿಕೆ ಮತ್ತು ಅಧಿಕಾರದ ಗಂಭೀರ ದುರುಪಯೋಗವನ್ನೂ ಜಿಲ್ಲಾ ಪ್ರಾಧಿಕಾರ ನೋಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿದೆ. ಮೂಳೆ ಮುರಿದಿದ್ದರೆ, ಹಲ್ಲು ಬಿದ್ದಿದ್ದರೆ, ಕಿವಿ ಶಾಶ್ವತವಾಗಿ ಕೇಳದಂತಾಗಿದ್ದರೆ, ಇಲ್ಲವೇ 15 ದಿನ ತೀವ್ರ ನೋವಿನಲ್ಲಿ ನರಳಿದ್ದರೆ ಅದು ಕಾನೂನಿನ ಕಣ್ಣಿನಲ್ಲಿ ತೀವ್ರ ಗಾಯ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನವಿತ್ತು. ಇದ್ಯಾವುದೂ ಇಲ್ಲದಿದ್ದರೂ, ಬಂಧನದ ದಾಖಲೆಯಿಲ್ಲದೆ ರಾತ್ರಿಯಿಡೀ ಠಾಣೆಯಲ್ಲಿ ಕೂಡಿಹಾಕಿದ್ದೇ ಅಧಿಕಾರದ ಗಂಭೀರ ದುರುಪಯೋಗ. ದೂರಿನಲ್ಲಿ ಹೊಡೆತದಷ್ಟೇ ಒತ್ತನ್ನು ಈ ಅಕ್ರಮ ಬಂಧನಕ್ಕೂ ಕೊಡಿ. ಹೊಡೆದದ್ದನ್ನು ಅವರು ಅಲ್ಲಗಳೆಯಬಹುದು. ಆದರೆ ‘ವಿಚಾರಣೆಗೆ ಕರೆಸಿ ಕಳುಹಿಸಿಕೊಡಲಾಗಿದೆ’ ಎಂದು ಅವರೇ ಬರೆದುಕೊಟ್ಟಿದ್ದರೆ, ಎಷ್ಟು ಗಂಟೆಗೆ ಕರೆಸಿದಿರಿ, ಯಾವ ನೋಟಿಸು ಕೊಟ್ಟಿರಿ, ಎಷ್ಟು ಗಂಟೆಗೆ ಬಿಟ್ಟಿರಿ ಎಂಬುದಕ್ಕೆ ಅವರೇ ಉತ್ತರ ಹೇಳಬೇಕು. ಹಿಂಬರಹದ ಪ್ರತಿಯನ್ನು ಜೋಪಾನವಾಗಿಡಿ, ಇದು ನಿಮ್ಮ ಪರವಾದ ಸಾಕ್ಷ್ಯ.

ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿ ಎಂಎಲ್‌ಸಿ (ಗಾಯವನ್ನು ಕಾನೂನು ಪ್ರಕರಣವಾಗಿ ವೈದ್ಯರು ದಾಖಲಿಸುವುದು) ಮಾಡಿಸಿದಿರಾ? ಮಾಡಿಸಿದ್ದರೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಕೇಳಿ ಪಡೆಯಿರಿ. ‘ಬಿದ್ದು ಗಾಯವಾಯಿತು’ ಎಂದು ಹೆದರಿ ಹೇಳಿದ್ದರೆ, ಹಾಗೆ ಹೇಳಲು ಕಾರಣವೇನು ಎಂಬುದನ್ನು ಈಗಲೇ ದೂರಿನಲ್ಲಿ ಬರೆಯಿರಿ. ಬರೆಯದಿದ್ದರೆ ಆಮೇಲೆ ಅದೇ ನಿಮಗೆ ಮುಳುವಾಗುತ್ತದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು. ಘಟನೆಯಾಗಿ ಒಂದು ವರ್ಷ ದಾಟಿದ್ದರೆ ಅದು ವಿಚಾರಿಸುವಂತಿಲ್ಲ. ಪೊಲೀಸರ ಮೂಲಕವಲ್ಲದೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ಖಾಸಗಿ ದೂರಿನ ದಾರಿಯೂ ಇದೆ, ಅದಕ್ಕೆ ವಕೀಲರು ಬೇಕಾಗುತ್ತಾರೆ.

ಇವೆಲ್ಲಕ್ಕಿಂತ ಮೊದಲು ಸಿಸಿಟಿವಿ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ದೇಶದ ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್ಸ್‌ಪೆಕ್ಟರ್ ಕೊಠಡಿಗಳಲ್ಲಿ ಧ್ವನಿಯೂ ಸೇರಿದಂತೆ ದಾಖಲಿಸುವ ಕ್ಯಾಮೆರಾ ಇರಬೇಕು ಎಂದಿದೆ. ದೃಶ್ಯಗಳನ್ನು 18 ತಿಂಗಳು, ಅಷ್ಟು ಉಳಿಸುವ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ, ಕಾಪಾಡಬೇಕು ಎಂದೂ ಹೇಳಿದೆ. ಠಾಣೆಯಲ್ಲಿ ಗಂಭೀರ ಗಾಯವಾಗಿದ್ದರೆ ಮಾನವ ಹಕ್ಕುಗಳ ಆಯೋಗ ಆ ದೃಶ್ಯಗಳನ್ನು ತರಿಸಿಕೊಳ್ಳಬಹುದು. ಹಾಗಾಗಿ ದೂರು ಬರೆದು ಮುಗಿಸುವವರೆಗೂ ಕಾಯಬೇಡಿ. ಇಂಥ ದಿನಾಂಕದ ಸಂಜೆಯಿಂದ ಮರುದಿನ ಬೆಳಿಗ್ಗೆವರೆಗಿನ ಎಲ್ಲ ಕ್ಯಾಮೆರಾಗಳ ದೃಶ್ಯಗಳನ್ನು ಅಳಿಸದೆ ಉಳಿಸಬೇಕು ಎಂದು ಎಸ್ಪಿಗೂ ಪ್ರಾಧಿಕಾರಕ್ಕೂ ಆಯೋಗಕ್ಕೂ ಇಂದೇ ಒಂದು ಪುಟದ ಅರ್ಜಿ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಲ್ಲವೇ ಖುದ್ದಾಗಿ ಕೊಟ್ಟು ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಆಮೇಲೆ ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೆ, ಯಾವ ದಿನ ಕೆಟ್ಟಿತು, ದುರಸ್ತಿಗೆ ಯಾರಿಗೆ ಯಾವ ದಿನ ಬರೆದಿರಿ ಎಂದು ಪ್ರಾಧಿಕಾರದ ಮುಂದೆ ಆ ಠಾಣಾಧಿಕಾರಿಯನ್ನು ಕೇಳಿಸಿ. ಕ್ಯಾಮೆರಾ ಕೆಟ್ಟರೆ ಕೂಡಲೇ ಮೇಲಿನ ಜಿಲ್ಲಾ ಮಟ್ಟದ ಸಮಿತಿಗೆ ವರದಿ ಮಾಡುವುದು ಅವರದೇ ಹೊಣೆ ಎಂದು ಅದೇ ತೀರ್ಪಿನಲ್ಲಿದೆ.